ದ್ರಾಕ್ಷಿ ತೋಟದ ನಡುವೆ ಇಬ್ಬರಿಗೆ ಎರಡು ರಾತ್ರಿ: ನಾಸಿಕ್ ವಾಸ್ತವ್ಯಕ್ಕೊಂದು ಸಮಗ್ರ ಮಾರ್ಗದರ್ಶಿ

ಮದುವೆಯಾಗಿ ಹತ್ತು ವರ್ಷ ತುಂಬಿದ ನೆನಪಿಗೆ ನಾವಿಬ್ಬರೂ ನಾಸಿಕ್‌ನ ದ್ರಾಕ್ಷಿ ತೋಟದ ಹೋಟೆಲೊಂದರಲ್ಲಿ ಉಳಿಯಲು ಹೋದದ್ದು ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ. ಚಿತ್ರಗಳಲ್ಲಿ ಕಂಡಿದ್ದ ಹಸಿರು ಸಾಲುಗಳ ಜಾಗದಲ್ಲಿ ಅಲ್ಲಿ ನಮಗೆ ಎದುರಾದದ್ದು ತಂತಿಗೆ ಕಟ್ಟಿದ ಬೋಳು ಕಾಂಡಗಳು ಮತ್ತು ಉರಿ ಬಿಸಿಲು. ವಿಜಯಪುರದ ಕಡೆಯ ತಿಕೋಟಾದ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ಕಾರಿನಿಂದ ಇಳಿಯುವ ಮೊದಲೇ ಕಿಟಕಿಯಾಚೆ ನೋಡಿ, "ಚಾಟ್ನಿ ಆಗಿ ಹೋಗೇತ್ರಿ, ಇನ್ನ ನೋಡೂದೇನೈತಿ" ಎಂದಳು. ಚಾಟ್ನಿ ಎಂದರೆ ಬಳ್ಳಿಯನ್ನು ಕತ್ತರಿಯಿಂದ ಸವರುವುದು. ತಪ್ಪು ನನ್ನದಾಗಿತ್ತು, ಹೋಟೆಲನ್ನು ಬಹಳ ಜತನದಿಂದ ಆರಿಸಿದ್ದೆ, ತಿಂಗಳನ್ನು ಯೋಚಿಸಿರಲಿಲ್ಲ. ಮೂರು ವರ್ಷಗಳ ಬಳಿಕ ಫೆಬ್ರುವರಿಯ ಎರಡನೆಯ ವಾರದಲ್ಲಿ ಮತ್ತೆ ಹೋದಾಗ ಅದೇ ನೆಲ ಬೇರೊಂದು ಊರಿನಂತಿತ್ತು. ಆ ಎರಡು ಪ್ರಯಾಣಗಳಿಂದ ಕಲಿತದ್ದನ್ನು, ದಂಪತಿಗಳಿಗೋ ಮದುವೆಯಾಗಲಿರುವವರಿಗೋ ಉಪಯೋಗವಾಗಲೆಂದು, ಯೋಜನೆಯ ಮೊದಲ ದಿನದಿಂದ ಮನೆಗೆ ಮರಳುವ ದಿನದವರೆಗೆ ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ನಾಸಿಕ್ಕೇ ಏಕೆ ಎಂದು ಕೇಳುವವರಿಗೆ ಒಂದು ಮಾತು. ಸಹ್ಯಾದ್ರಿಯ ಪೂರ್ವದ ಮಗ್ಗುಲಲ್ಲಿ, ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಈ ಪ್ರದೇಶದಲ್ಲಿ ಹಗಲು ಬೆಚ್ಚಗಿದ್ದು ಚಳಿಗಾಲದ ರಾತ್ರಿಗಳು ತಣ್ಣಗಿರುತ್ತವೆ. ವೈನ್ ದ್ರಾಕ್ಷಿಗೆ ಬೇಕಾದದ್ದೂ ಇದೇ, ಏಕೆಂದರೆ ಬಿಸಿಲಿನಿಂದ ಹಣ್ಣಿನಲ್ಲಿ ಸಕ್ಕರೆ ಏರಿದರೂ ರಾತ್ರಿಯ ತಂಪು ಅದರ ಹುಳಿಯನ್ನು ಉಳಿಸಿಕೊಡುತ್ತದೆ. ತಿನ್ನುವ ದ್ರಾಕ್ಷಿಗೆ ಮೊದಲಿನಿಂದಲೂ ಹೆಸರಾಗಿದ್ದ ಈ ಊರಿಗೆ ವೈನಿನ ಹೆಸರು ಬಂದದ್ದು ಈಚೆಗೆ. ಕ್ಯಾಲಿಫೋರ್ನಿಯಾದ ಕೆಲಸ ಬಿಟ್ಟು ಮರಳಿದ ರಾಜೀವ್ ಸಾಮಂತ್ ತಾಯಿ ಸುಲಭಾ ಅವರ ಹೆಸರಿನಿಂದ ಸುಲಾ ಎಂದು ಕರೆದು 1999ರಲ್ಲಿ ಸ್ಥಾಪಿಸಿದ ಸಂಸ್ಥೆ ದಾರಿ ತೋರಿಸಿತು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿಯನ್ನು ತಂದ ಮೇಲೆ ಇತರರೂ ಬಂದರು. ಇಂದು "ನಾಸಿಕ್ ವ್ಯಾಲಿ ವೈನ್" ಎಂಬುದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಇದೆ. ನಮ್ಮ ನಾಡಿನಲ್ಲೂ ನಂದಿ ಬೆಟ್ಟದ ತಪ್ಪಲಲ್ಲಿ, ಹಂಪಿಯ ಸೀಮೆಯಲ್ಲಿ ಒಳ್ಳೆಯ ತೋಟಗಳಿವೆ. ಆದರೆ ತೋಟದಲ್ಲೇ ರಾತ್ರಿ ಕಳೆಯಲು ಇಷ್ಟೊಂದು ಆಯ್ಕೆಗಳು ಒಂದೇ ಊರಿನ ಸುತ್ತ ಸಿಗುವುದು ನಾಸಿಕ್‌ನಲ್ಲಿ.

ಮೊದಲು ತಿಂಗಳು, ಆಮೇಲೆ ಹೋಟೆಲು

ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ ಇದು. ಬಳ್ಳಿಯ ಪಂಚಾಂಗವನ್ನು ಅರಿಯದೆ ದಿನ ಗೊತ್ತು ಮಾಡಬಾರದು.

ಯುರೋಪಿನಂಥ ಚಳಿಯ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಅಲ್ಲಿನ ಬೇಸಿಗೆಯ ಕೊನೆಗೆ ಹಣ್ಣಾಗುತ್ತದೆ. ನಮ್ಮ ಉಷ್ಣವಲಯದಲ್ಲಿ ಬಳ್ಳಿ ತಾನಾಗಿ ಮಲಗುವುದಿಲ್ಲ. ಹಾಗಾಗಿ ರೈತನೇ ಅದರ ಋತುವನ್ನು ಕತ್ತರಿಯಿಂದ ನಿರ್ಧರಿಸುತ್ತಾನೆ: ವಿಜಯಪುರದ ಕಡೆ ದ್ರಾಕ್ಷಿ ಪಡ, ಅಂದರೆ ತೋಟ, ಕಂಡವರಿಗೆಲ್ಲ ಗೊತ್ತಿರುವಂತೆ, ಬೇಸಿಗೆಯ ಆರಂಭಕ್ಕೆ ಏಪ್ರಿಲ್ ಚಾಟ್ನಿ, ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಟೋಬರ್ ಚಾಟ್ನಿ. ಮೊದಲನೆಯದು ಮುಂದೆ ಹಣ್ಣು ಹೊರಬೇಕಾದ ಕಡ್ಡಿಗಳನ್ನು ಬೆಳೆಸಲು, ಎರಡನೆಯದು ಹೂವು ತರಿಸಲು. ವರ್ಷಕ್ಕೆ ಎರಡು ಬಾರಿ ಸವರಿದರೂ ಫಸಲು ಒಂದೇ. ನಾಸಿಕ್‌ನ ವೈನ್ ತೋಟಗಳದ್ದೂ ಇದೇ ಲೆಕ್ಕ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸವರಿದ ಬಳ್ಳಿ ನವೆಂಬರಿನಲ್ಲಿ ಹಸಿರು ತುಂಬಿ, ವರ್ಷದ ಕೊನೆಗೆ ಕಾಯಿಯ ಬಣ್ಣ ತಿರುಗಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಬರುತ್ತದೆ.

ಇದರಿಂದ ನಿಮಗೆ ಸಿಗುವ ಉತ್ತರ ಸ್ಪಷ್ಟ. ಗೊನೆ ತುಂಬಿದ ತೋಟದಲ್ಲಿ ನಡೆಯಬೇಕೆಂದಿದ್ದರೆ ಜನವರಿ ಮಧ್ಯದಿಂದ ಫೆಬ್ರುವರಿ ಕೊನೆಯವರೆಗಿನ ಅವಧಿಯನ್ನು ಆರಿಸಿ. ಹಣ್ಣಿಲ್ಲದಿದ್ದರೂ ಸರಿ, ಚಳಿ ಮತ್ತು ಹಸಿರು ಬೇಕು ಎನ್ನುವವರಿಗೆ ನವೆಂಬರ್ ಕೊನೆ ಹಾಗೂ ಡಿಸೆಂಬರಿನ ಮೊದಲ ಎರಡು ವಾರಗಳು ಚೆನ್ನ. ಬೆಳಗಿನ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ಆ ದಿನಗಳಲ್ಲಿ ಒಂದೇ ಶಾಲಿನಲ್ಲಿ ಇಬ್ಬರೂ ಕುಳಿತು ಕುಡಿಯುವ ಚಹಾಕ್ಕೆ ಸಮನಾದದ್ದು ಇನ್ನೊಂದಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬಳ್ಳಿಯಲ್ಲಿ ಹಣ್ಣಿರುವುದಿಲ್ಲ. ಆದರೆ ಸುತ್ತಲಿನ ಬೆಟ್ಟಗಳು ಮಲೆನಾಡನ್ನು ನೆನಪಿಸುವಷ್ಟು ಹಸಿರಾಗುತ್ತವೆ, ಬೆಟ್ಟದ ಮೈಯಿಂದ ನೀರು ಇಳಿಯುತ್ತದೆ, ಮಳೆಯನ್ನು ಪ್ರೀತಿಸುವವರು ಧೈರ್ಯವಾಗಿ ಹೋಗಬಹುದು. ಮಾರ್ಚ್ ಕೊನೆಯಿಂದ ಮೇ ಮುಗಿಯುವವರೆಗೆ ಮಾತ್ರ ಹೋಗಬೇಡಿ.

ತಿಂಗಳು ನಿಶ್ಚಯವಾದ ಮೇಲೆ ವಾರವನ್ನು ನೋಡಬೇಕು. ಮುಂಬೈ ಮತ್ತು ಪುಣೆ ಎರಡೂ ಕೆಲವೇ ಗಂಟೆಗಳ ದೂರದಲ್ಲಿರುವುದರಿಂದ ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಹೆಸರಾಂತ ತೋಟಗಳಲ್ಲಿ ಜಾತ್ರೆಯಷ್ಟು ಜನ ಸೇರುತ್ತಾರೆ. ಇಬ್ಬರೇ ಇರಬೇಕೆಂದು ಹೋಗುವವರು ಸೋಮವಾರದಿಂದ ಗುರುವಾರದ ನಡುವಿನ ಎರಡು ರಾತ್ರಿಗಳನ್ನು ಆರಿಸಿಕೊಂಡರೆ ಬಾಡಿಗೆಯೂ ಕಡಿಮೆ, ತೋಟವೂ ನಿಮ್ಮದೇ ಎಂಬಂತಿರುತ್ತದೆ. 2008ರಲ್ಲಿ ಆರಂಭವಾದ ಸುಲಾಫೆಸ್ಟ್ ಎಂಬ ಸಂಗೀತೋತ್ಸವ ಸಾಮಾನ್ಯವಾಗಿ ಫೆಬ್ರುವರಿಯ ಆರಂಭದಲ್ಲಿ ನಡೆಯುತ್ತದೆ; ಸಂಗೀತ ಬೇಕಿದ್ದರೆ ಅದಕ್ಕೇ ಹೋಗಿ, ಮೌನ ಬೇಕಿದ್ದರೆ ಆ ವಾರವನ್ನು ಬಿಟ್ಟು ಹೋಗಿ.

ಇನ್ನೂ ಎರಡು ದಿನಾಂಕಗಳ ಬಗ್ಗೆ ಎಚ್ಚರಿಸಬೇಕು. ಜನವರಿ 26ರ ರಜೆಗೆ ವಾರಾಂತ್ಯ ಸೇರಿಸಿಕೊಂಡು ಹೋಗುವವರು ಬಹಳ, ಆದರೆ ಅಂದು ಮದ್ಯ ಮಾರಾಟಕ್ಕೆ ನಿಷೇಧವಿರುವುದರಿಂದ ವೈನ್ ರುಚಿ ನೋಡುವ ಕೋಣೆಯಲ್ಲಿ ನಿಮಗೆ ಏನೂ ಸಿಗುವುದಿಲ್ಲ. ಮಹಾರಾಷ್ಟ್ರದಲ್ಲಿ ಜನವರಿ 30 ಕೂಡ ಇದೇ ಪಟ್ಟಿಗೆ ಸೇರಿದೆ. ಚುನಾವಣೆಯ ವರ್ಷವಾದರೆ ಮತದಾನ ಮುಗಿಯುವ ಮೊದಲಿನ 48 ಗಂಟೆಗಳಿಗೂ ಈ ನಿಷೇಧ ಅನ್ವಯಿಸುತ್ತದೆ. ಇದಲ್ಲದೆ, ಹನ್ನೆರಡು ವರ್ಷಗಳಿಗೊಮ್ಮೆ ಬರುವ ಸಿಂಹಸ್ಥ ಕುಂಭಮೇಳ 2015ರ ನಂತರ 2027ರಲ್ಲಿ ನಾಸಿಕ್ ಮತ್ತು ತ್ರ್ಯಂಬಕೇಶ್ವರಗಳಲ್ಲಿ ನಡೆಯಲಿದೆ. ಪುಣ್ಯಸ್ನಾನಕ್ಕೆ ಹೋಗುವುದು ಬೇರೆ ವಿಷಯ. ತೋಟದ ಏಕಾಂತಕ್ಕಾಗಿ ಹೋಗುವವರು ಶಾಹಿ ಸ್ನಾನದ, ಅಂದರೆ ಮೇಳದ ಮುಖ್ಯ ಸ್ನಾನದ, ದಿನಗಳಿಂದ ದೂರವಿರುವುದು ಒಳ್ಳೆಯದು.

ಯಾವ ದಿಕ್ಕಿನ ತೋಟ

ನಾಸಿಕ್‌ನ ತೋಟಗಳು ಒಂದೇ ಕಡೆ ಇಲ್ಲ. ಮೂರು ದಿಕ್ಕುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆರಿಸುವುದು ಸುಲಭ.

ನಗರದ ಪಶ್ಚಿಮಕ್ಕೆ, ಗೋದಾವರಿಗೆ ಕಟ್ಟಿದ ಗಂಗಾಪುರ ಜಲಾಶಯದ ಸುತ್ತ ಸುಲಾ, ಯಾರ್ಕ್, ಸೋಮ ವೈನ್ ವಿಲೇಜ್ ಮುಂತಾದವು ಒಂದಕ್ಕೊಂದು ಹತ್ತಿರದಲ್ಲಿವೆ. ತೋಟದ ಆವರಣಕ್ಕೆ ಅಂಟಿಕೊಂಡಿರುವ ಸೋರ್ಸ್ ಮತ್ತು ತುಸು ದೂರದ ಬಿಯಾಂಡ್ ಸುಲಾದ್ದೇ ವಸತಿಗಳು. ಯಾರ್ಕ್‌ನ ಜಗಲಿಯಿಂದ ಜಲಾಶಯದ ನೀರಿನಾಚೆ ಸೂರ್ಯ ಮುಳುಗುವುದನ್ನು ನೋಡಬಹುದು. ಮೊದಲ ಬಾರಿ ಹೋಗುವವರಿಗೆ, ಊಟ ಮತ್ತು ಸೌಕರ್ಯದಲ್ಲಿ ಅನಿಶ್ಚಿತತೆ ಬೇಡ ಎನ್ನುವವರಿಗೆ ಈ ದಿಕ್ಕು ಸರಿ.

ಮುಂಬೈ ಹೆದ್ದಾರಿಯ ಕಡೆ, ಇಗತಪುರಿಯ ಬೆಟ್ಟಸಾಲಿನ ಬಳಿ ವಲ್ಲೋನೆಯಂಥ ಸಣ್ಣ ತೋಟಗಳಿವೆ. ಅದು ಮುಕಣೆ ಜಲಾಶಯಕ್ಕೆ ಮುಖ ಮಾಡಿರುವ, ಬೆರಳೆಣಿಕೆಯ ಕೋಣೆಗಳಿರುವ ಜಾಗ. ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಬಳ್ಳಿ ನೆಡಲು ಆರಂಭಿಸಿದ ನಮ್ಮ ಗ್ರೋವರ್ ಸಂಸ್ಥೆ, ಝಂಪಾ ಎಂಬ ಇನ್ನೊಂದು ವೈನ್ ಸಂಸ್ಥೆಯ ಜತೆ ಕೂಡಿದ ಬಳಿಕ, ಈ ಇಗತಪುರಿ ಸೀಮೆಯಲ್ಲೂ ವೈನ್ ಮಾಡುತ್ತಿದೆ. ಎರಡು ದಿನ ಹೊರಗಿನ ಮುಖಗಳನ್ನೇ ನೋಡುವುದು ಬೇಡ ಎನ್ನುವ ಜೋಡಿಗೆ ನಾನು ಹೇಳುವುದು ಈ ದಿಕ್ಕನ್ನೇ. ಉತ್ತರಕ್ಕಿರುವ ದಿಂಡೋರಿ ಮೂರನೆಯದು. ಗುಳ್ಳೆಯೇಳುವ ವೈನ್ ತಯಾರಿಸುವ ಶಾಂದೋನ್ ಅಲ್ಲಿದೆ. ಅಲ್ಲಿಗೆ ಒಂದು ಮಧ್ಯಾಹ್ನದ ಭೇಟಿ ಸಾಕು.

ಕೋಣೆ ಹಿಡಿಯುವ ಮುನ್ನ ಫೋನಿನಲ್ಲಿ ಕೇಳಬೇಕಾದದ್ದು

ಹೋಟೆಲಿನ ಚಿತ್ರಗಳನ್ನು ನೋಡಿ ಹಣ ಕಟ್ಟುವ ಮೊದಲು ಫೋನ್ ಮಾಡಿ ಮಾತಾಡಿ. ನಮ್ಮ ಮೊದಲ ಪ್ರಯಾಣದಲ್ಲಿ ನಾನು ಹೀಗೆ ಕೇಳಿದ್ದರೆ ಅರ್ಧ ನಿರಾಶೆ ತಪ್ಪುತ್ತಿತ್ತು.

ಮೊದಲನೆಯ ಪ್ರಶ್ನೆ: ಕೋಣೆಯ ಕಿಟಕಿಯಿಂದ ಬಳ್ಳಿಗಳು ಕಾಣುತ್ತವೆಯೇ, ಆ ಬಳ್ಳಿಗಳಲ್ಲಿ ನಾವು ಬರುವ ವಾರ ಹಣ್ಣಿರುತ್ತದೆಯೇ? ಈ ಎರಡೂ ಭಾಗಗಳನ್ನು ಕೇಳಬೇಕು. ಶೆನಿನ್ ಬ್ಲಾಂಕ್, ಸೋವಿನ್ಯೋ ಬ್ಲಾಂಕ್‌ನಂಥ ಬಿಳಿ ತಳಿಗಳು ಸಾಮಾನ್ಯವಾಗಿ ಬೇಗ ಕೊಯ್ಲಾಗುತ್ತವೆ, ಕೆಂಪು ವೈನಿಗೆ ಬಳಸುವ ಶಿರಾಜ್ ಮತ್ತು ಕ್ಯಾಬರ್ನೆ ಸೋವಿನ್ಯೋ ಇನ್ನೂ ಕೆಲವು ವಾರ ಬಳ್ಳಿಯಲ್ಲಿ ಉಳಿಯುತ್ತವೆ. ಆದ್ದರಿಂದ ಫೆಬ್ರುವರಿ ಕೊನೆಯಲ್ಲಿ ಹೋಗುವವರ ಎದುರಿನ ತಾಕು ಕೆಂಪು ತಳಿಯದಾಗಿದ್ದರೆ ಲಾಭ. ಎರಡನೆಯದು, ಆ ದಿನಗಳಲ್ಲಿ ಆವರಣದಲ್ಲಿ ಮದುವೆಯೋ ಕಂಪನಿಯ ಕೂಟವೋ ಇದೆಯೇ ಎಂಬುದು. ತೋಟದ ಹೋಟೆಲುಗಳಿಗೆ ಮದುವೆಗಳೂ ದೊಡ್ಡ ವರಮಾನ, ಹುಲ್ಲುಹಾಸಿನ ಮೇಲೆ ಬಾರಿಸುವ ಡೋಲು ಇಡೀ ಕಣಿವೆಗೆ ಕೇಳುತ್ತದೆ. ಮೂರನೆಯದಾಗಿ, ಕೋಣೆಯ ಜಗಲಿ ಪಶ್ಚಿಮಕ್ಕಿದೆಯೇ ಪೂರ್ವಕ್ಕಿದೆಯೇ ಎಂದು ಕೇಳಿ. ಸಂಜೆಯ ಬೆಳಕು ಬೇಕೆಂದು ಎಲ್ಲರೂ ಪಶ್ಚಿಮ ಕೇಳುತ್ತಾರೆ. ನಮ್ಮ ಅನುಭವದಲ್ಲಿ ಪೂರ್ವದ ಜಗಲಿಯೇ ಮೇಲು, ಏಕೆಂದರೆ ಸೂರ್ಯಾಸ್ತವನ್ನು ಎಲ್ಲಿಂದ ಬೇಕಾದರೂ ನಡೆದು ಹೋಗಿ ನೋಡಬಹುದು, ಬೆಳಗಿನ ಎಳೆ ಬಿಸಿಲನ್ನು ಮಾತ್ರ ಹಾಸಿಗೆಯಿಂದೆದ್ದ ಹಾಗೆಯೇ ಅನುಭವಿಸಬೇಕು.

ಗುರುತಿನ ಚೀಟಿಯ ವಿಷಯವನ್ನೂ ಮರೆಯಬೇಡಿ. ಇಬ್ಬರದ್ದೂ ಭಾವಚಿತ್ರವಿರುವ ಮೂಲ ದಾಖಲೆ ಬೇಕು, ವೈನ್ ಪಡೆಯಲು 21 ವರ್ಷ ತುಂಬಿರಬೇಕು. ಮದುವೆಯಾಗದ ಜೋಡಿ ಒಂದೇ ಕೋಣೆಯಲ್ಲಿ ಉಳಿಯುವುದನ್ನು ಯಾವ ಕಾನೂನೂ ತಡೆಯುವುದಿಲ್ಲವಾದರೂ ಕೆಲವು ಹೋಟೆಲುಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ಬಾಗಿಲಲ್ಲಿ ನಿಂತು ಮಾತು ಬೆಳೆಸುವುದಕ್ಕಿಂತ ಮೊದಲೇ ಕೇಳಿ ಖಚಿತಪಡಿಸಿಕೊಳ್ಳುವುದು ನೆಮ್ಮದಿ. ವಾರ್ಷಿಕೋತ್ಸವ ಎಂದು ಹೇಳಿದರೆ ಹಲವೆಡೆ ಹಾಸಿಗೆಯ ಮೇಲೆ ಗುಲಾಬಿ ಪಕಳೆ ಚೆಲ್ಲಿ ಕೇಕ್ ಇಡುತ್ತಾರೆ. ಅದು ಬೇಡವೆಂದು, ಬದಲಿಗೆ ಸಂಜೆ ಬಳ್ಳಿಗಳ ಬದಿಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಸಿಕೊಡಬಹುದೇ ಎಂದು ಕೇಳಿ ನೋಡಿ. ನಮಗೆ ಹಾಕಿಕೊಟ್ಟರು, ಅದಕ್ಕೆ ಬೇರೆ ಹಣವನ್ನೂ ಕೇಳಲಿಲ್ಲ.

ಹೋಗುವ ದಾರಿ

ಬೆಳಗಾವಿಯಿಂದ ಪುಣೆಯ ಮೂಲಕ ನಾಸಿಕ್ ಸುಮಾರು 550 ಕಿಲೋಮೀಟರ್, ಹುಬ್ಬಳ್ಳಿಯಿಂದ ಇನ್ನೂ ನೂರು ಹೆಚ್ಚು. ಕಾರಿನಲ್ಲಿ ಹೋಗುವುದಾದರೆ ಒಂದೇ ದಿನಕ್ಕೆ ಎಳೆಯದೆ ಪುಣೆಯಲ್ಲಿ ಒಂದು ರಾತ್ರಿ ತಂಗಿ. ದಣಿದು ಬಂದು ಮಲಗಿದರೆ ಮೊದಲ ಸಂಜೆಯೇ ಕಳೆದುಹೋಗುತ್ತದೆ. ರೈಲಿನಲ್ಲಾದರೆ ಬೆಂಗಳೂರಿನಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ಮತ್ತು ಲೋಂಡಾ–ಬೆಳಗಾವಿ ಮಾರ್ಗವಾಗಿ ಸಾಗುವ ಗೋವಾ ಎಕ್ಸ್‌ಪ್ರೆಸ್ ಎರಡೂ ಮನಮಾಡದಲ್ಲಿ ನಿಲ್ಲುತ್ತವೆ. ಮನಮಾಡದಿಂದ ನಾಸಿಕ್ ರೋಡ್ ನಿಲ್ದಾಣ ಸುಮಾರು 75 ಕಿಲೋಮೀಟರ್, ಅಲ್ಲಿಂದ ಗಂಗಾಪುರದ ತೋಟಗಳಿಗೆ ಮತ್ತೆ 20. ಮನಮಾಡಕ್ಕೇ ಹೋಟೆಲಿನಿಂದ ಕಾರು ಕಳುಹಿಸಲು ಹೇಳಿದರೆ ಎರಡೂವರೆ ಗಂಟೆಯೊಳಗೆ ತಲುಪಬಹುದು. ವಿಮಾನ ನಿಲ್ದಾಣ ನಗರದ ಹೊರಗೆ ಓಝರ್‌ನಲ್ಲಿದೆ.

ಸ್ವಂತ ಕಾರಿನಲ್ಲಿ ಹೋದವರು ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ವೈನ್ ಕುಡಿದ ದಿನ ಇಬ್ಬರಲ್ಲಿ ಯಾರೂ ಚಕ್ರ ಹಿಡಿಯಬಾರದು. ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಕಂಡರೆ ಅಪರಾಧ, ಆ ಮಿತಿ ದಾಟಲು ಬಹಳ ಬೇಕಾಗುವುದಿಲ್ಲ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ದಿನದ ಲೆಕ್ಕದಲ್ಲಿ ಚಾಲಕರೊಬ್ಬರನ್ನು ಗೊತ್ತು ಮಾಡಿಕೊಳ್ಳಿ.

ಬಟ್ಟೆಯ ವಿಷಯದಲ್ಲಿ ಹೇಳುವುದು ಸ್ವಲ್ಪ: ಹಗಲಿಗೆ ಹತ್ತಿ ಬಟ್ಟೆ, ರಾತ್ರಿಗೆ ಉಣ್ಣೆಯದೊಂದು, ಉತ್ತಿದ ಮಣ್ಣಿನ ಮೇಲೆ ನಡೆಯಲು ಚಪ್ಪಟೆ ತಳದ ಮುಚ್ಚಿದ ಪಾದರಕ್ಷೆ. ಸುಗಂಧದ್ರವ್ಯ ಹಚ್ಚಿಕೊಳ್ಳಬೇಡಿ, ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲ ಸಂಜೆ ಮತ್ತು ಮರುದಿನದ ಮುಂಜಾವು

ಮಧ್ಯಾಹ್ನ ಮೂರರ ಹೊತ್ತಿಗೆ ತಲುಪುವಂತೆ ಹೊರಡಿ. ಬಂದ ಕೂಡಲೇ ವೈನ್ ರುಚಿ ನೋಡುವ ಕೋಣೆಗೆ ಧಾವಿಸಬೇಡಿ, ಅದು ನಾಳೆಯ ಕೆಲಸ. ಸ್ನಾನ ಮಾಡಿ ಚಹಾ ಕುಡಿದು, ಬಿಸಿಲು ಬಾಗಿದ ಮೇಲೆ ಇಬ್ಬರೇ ತೋಟದ ಅಂಚಿನ ದಾರಿಯಲ್ಲಿ ನಡೆಯಿರಿ. ಫೆಬ್ರುವರಿಯಲ್ಲಿ ಸೂರ್ಯ ಮುಳುಗುವುದು ಆರೂವರೆಯ ಸುಮಾರಿಗೆ, ಅದಕ್ಕೆ ಮುಂಚಿನ ಒಂದು ಗಂಟೆ ಬೆಳಕು ಎಲೆಗಳ ಅಡಿಯಿಂದ ಹಾದು ಬರುತ್ತದೆ. ಫೋನುಗಳನ್ನು ಕೋಣೆಯಲ್ಲಿ ಬಿಟ್ಟು ಹೋಗುವುದೆಂದು ನಾವು ಒಪ್ಪಂದ ಮಾಡಿಕೊಂಡಿದ್ದೆವು. ಮಕ್ಕಳ ಶಾಲೆ, ಮನೆಯ ಸಾಲ, ಅತ್ತೆಯ ಮೊಣಕಾಲು ನೋವು ಬಿಟ್ಟು ಬೇರೆ ಮಾತು ಬರಲು ಹದಿನೈದು ನಿಮಿಷ ಬೇಕಾಯಿತು. ಆಮೇಲೆ ಹೆಂಡತಿ ತನ್ನ ಅಪ್ಪನ ಪಡದಲ್ಲಿ ಮಣೂಕ (ಒಣದ್ರಾಕ್ಷಿ) ಒಣಗಿಸುತ್ತಿದ್ದ ಬೇಸಿಗೆಗಳ ಕಥೆ ಹೇಳತೊಡಗಿದಳು; ಹದಿಮೂರು ವರ್ಷದ ಸಂಸಾರದಲ್ಲಿ ಅದರ ಅರ್ಧದಷ್ಟನ್ನೂ ನಾನು ಕೇಳಿರಲಿಲ್ಲ.

ಮರುದಿನ ಬೇಗ ಏಳಬೇಕು. ಹಣ್ಣು ತಂಪಾಗಿರುವಾಗಲೇ ವೈನರಿ, ಅಂದರೆ ವೈನ್ ತಯಾರಿಸುವ ಜಾಗ, ಸೇರಬೇಕಾದ್ದರಿಂದ ಕೊಯ್ಲಿನ ಆಳುಗಳು ಮುಂಜಾನೆಯೇ ಸಾಲಿಗಿಳಿಯುತ್ತಾರೆ. ಹಿಂದಿನ ಸಂಜೆಯೇ ಸ್ವಾಗತದವರಲ್ಲಿ ವಿಚಾರಿಸಿ, ಯಾವ ತಾಕಿನಲ್ಲಿ ಕೊಯ್ಲಿದೆ, ದೂರದಿಂದ ನೋಡಬಹುದೇ ಎಂದು ಕೇಳಿಕೊಂಡಿರಿ. ವೈನ್ ದ್ರಾಕ್ಷಿಯನ್ನು ನೋಡಿದಾಗ ನಮ್ಮವರಿಗೆ ಅಚ್ಚರಿಯಾಗುವುದು ಅದರ ಗಾತ್ರ: ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ನಮ್ಮಲ್ಲಿ ತಿನ್ನುವ ದ್ರಾಕ್ಷಿಗೆ ಹಾಕುವ ಚಪ್ಪರವೂ ಇಲ್ಲಿರುವುದಿಲ್ಲ. ಬೇಲಿಯಂತೆ ನೇರ ನಿಲ್ಲಿಸಿದ ತಂತಿಗಳ ಮೇಲೆ ಬಳ್ಳಿಯನ್ನು ಹಬ್ಬಿಸಿರುತ್ತಾರೆ. ಬಣ್ಣ, ರುಚಿ, ಒಗರು ಬಹುಪಾಲು ಇರುವುದು ಸಿಪ್ಪೆಯಲ್ಲಿ, ಆದ್ದರಿಂದ ಕಾಳು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ಗೊನೆಗಳನ್ನು ನೀವಾಗಿ ಕೀಳಬೇಡಿ. ಅದು ಒಬ್ಬರ ಬೆಳೆ ಎಂಬುದು ಒಂದು ಕಾರಣ, ಬೂಷ್ಟಿಗೆಂದು ಸಿಂಪಡಿಸಿದ ಗಂಧಕ ಮೊದಲಾದವು ಅದರ ಮೇಲಿರಬಹುದೆಂಬುದು ಇನ್ನೊಂದು. ಕೇಳಿದರೆ ಅವರೇ ಎರಡು ಕಾಳು ಕೊಡುತ್ತಾರೆ.

ವೈನ್ ರುಚಿ ನೋಡುವುದು

ಬೆಳಗಿನ ಉಪಾಹಾರವಾಗಿ ಎರಡು ಗಂಟೆ ಕಳೆದ ಮೇಲೆ, ಹನ್ನೊಂದರ ಸುಮಾರಿಗೆ, ಈ ಕೆಲಸ ಇಟ್ಟುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಬೇಡ, ಮಧ್ಯಾಹ್ನದ ಸೆಕೆಯಲ್ಲೂ ಬೇಡ. ಸಾಮಾನ್ಯವಾಗಿ ಮೊದಲು ವೈನರಿಯ ಒಳಗೆ ಕರೆದೊಯ್ದು ಹಣ್ಣು ಹಿಂಡುವ ಯಂತ್ರ, ತಂಪು ಉಕ್ಕಿನ ತೊಟ್ಟಿಗಳು, ಓಕ್ ಮರದ ಪೀಪಾಯಿಗಳನ್ನು ತೋರಿಸಿ, ಬಳಿಕ ಐದಾರು ವೈನ್‌ಗಳನ್ನು ಸ್ವಲ್ಪ ಸ್ವಲ್ಪ ಸುರಿದು ಕೊಡುತ್ತಾರೆ. ಆ ಕೋಣೆಯಲ್ಲಿ ಮೂಗೇ ಮುಖ್ಯ. ನಿಮ್ಮ ಸುಗಂಧದ್ರವ್ಯ ಇಬ್ಬರ ಲೋಟಗಳನ್ನಲ್ಲದೆ ಪಕ್ಕದವರ ಲೋಟವನ್ನೂ ಕೆಡಿಸುತ್ತದೆ.

ಕ್ರಮ ಹೀಗಿದೆ. ಲೋಟವನ್ನು ಅದರ ತೆಳುವಾದ ಕಾಲಿನ ಬಳಿ ಹಿಡಿಯಿರಿ, ಮೇಲಿನ ಬಟ್ಟಲನ್ನು ಹಿಡಿದರೆ ಕೈಯ ಬಿಸಿ ತಾಗುತ್ತದೆ. ಬಿಳಿ ಬಟ್ಟೆಯ ಎದುರು ಬಣ್ಣ ನೋಡಿ. ಅಲುಗಿಸದೆ ಒಮ್ಮೆ ಮೂಸಿ, ನಿಧಾನವಾಗಿ ತಿರುಗಿಸಿ ಮತ್ತೊಮ್ಮೆ ಮೂಸಿ. ಎರಡರ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಸಣ್ಣ ಗುಟುಕು ತೆಗೆದುಕೊಂಡು ನಾಲಿಗೆಯ ಮೇಲೆಲ್ಲ ಹರಿಯಬಿಟ್ಟು ನುಂಗಿ, ಅಥವಾ ಪಕ್ಕದಲ್ಲಿಟ್ಟಿರುವ ಪಾತ್ರೆಗೆ ಉಗುಳಿ. ಉಗುಳುವುದು ಅಲ್ಲಿ ಅಗೌರವವಲ್ಲ. ಬಿಳಿಯದು ಮೊದಲು, ಕೆಂಪು ಆಮೇಲೆ, ಸಿಹಿಯದು ಕೊನೆಗೆ.

ಇಲ್ಲಿ ನಾನು ಒತ್ತಿ ಹೇಳಬೇಕಾದದ್ದು ಒಂದಿದೆ. ವೈನಿನ ರುಚಿಯನ್ನು ವಿವರಿಸುವವರು ನಾವೆಂದೂ ತಿನ್ನದ ಹಣ್ಣುಗಳ ಹೆಸರು ಹೇಳಿದಾಗ ಹಿಂಜರಿಯಬೇಡಿ, ನಿಮ್ಮ ನೆನಪಿನ ರುಚಿಗಳನ್ನೇ ಹುಡುಕಿ. ಕೆಂಪು ವೈನ್ ಕುಡಿದಾಗ ಒಸಡು ಬಿಗಿಯುವಂತೆ ಮಾಡುವ ಅಂಶವನ್ನು ಇಂಗ್ಲಿಷಿನವರು ಟ್ಯಾನಿನ್ ಎನ್ನುತ್ತಾರೆ. ನೇರಳೆ ಹಣ್ಣು ತಿಂದ, ಎಳೆ ಅಡಿಕೆ ಜಗಿದ ನಮಗೆ ಅದು ಒಗರು, ಅಷ್ಟೇ. ಸೋವಿನ್ಯೋ ಬ್ಲಾಂಕ್‌ನಲ್ಲಿ ಕೆಲವೊಮ್ಮೆ ಆಗತಾನೇ ಕೊಯ್ದ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತದೆ, ಅದು ಭ್ರಮೆಯಲ್ಲ, ಎರಡರಲ್ಲೂ ಒಂದೇ ಬಗೆಯ ರಾಸಾಯನಿಕಗಳಿವೆ. ಶಿರಾಜ್‌ನಲ್ಲಿ ಕಾಳುಮೆಣಸಿನ ಘಮ ಕಂಡರೆ ಅದಕ್ಕೂ ಆಧಾರವಿದೆ. ರೊಟಂಡೋನ್ ಎಂಬ ಸಂಯುಕ್ತ ನಮ್ಮ ಮಲೆನಾಡಿನ ಮೆಣಸಿನಲ್ಲೂ ಆ ಹಣ್ಣಿನ ಸಿಪ್ಪೆಯಲ್ಲೂ ಇದೆ. ಇಬ್ಬರೂ ಒಂದೊಂದು ಕಾಗದದ ಮೇಲೆ, ಒಬ್ಬರದ್ದನ್ನೊಬ್ಬರು ನೋಡದೆ, ಪ್ರತಿ ಲೋಟಕ್ಕೆ ಎರಡು ಪದ ಬರೆದು ಕೊನೆಗೆ ಹೋಲಿಸಿ ನೋಡಿ. ಶೆನಿನ್ ಬ್ಲಾಂಕ್‌ಗೆ ನಾನು "ಸೀಬೆ" ಎಂದು ಬರೆದಿದ್ದೆ, ಅವಳು "ಯುಗಾದಿ ಪಾನಕ" ಎಂದು ಬರೆದಿದ್ದಳು. ಆ ಕಾಗದಗಳು ಇನ್ನೂ ನಮ್ಮ ಮನೆಯ ಕಪಾಟಿನಲ್ಲಿವೆ.

ಇಬ್ಬರಲ್ಲಿ ಒಬ್ಬರು ಕುಡಿಯದವರಾಗಿದ್ದರೆ ಒತ್ತಾಯ ಸಲ್ಲದು. ಗರ್ಭಿಣಿಯರಂತೂ ತುಟಿಗೂ ತಾಗಿಸಬಾರದು. ಮೂಸಿ ನೋಡುವುದರಲ್ಲೇ ಅರ್ಧ ಆನಂದವಿದೆ, ತೋಟದ ದ್ರಾಕ್ಷಿ ರಸವನ್ನು ಕೇಳಿದರೆ ಕೊಡುವ ಕಡೆಗಳೂ ಇವೆ. ಎರಡು ದಿನಕ್ಕೆ ಒಂದೇ ಒಂದು ಇಂಥ ಸುತ್ತು ಸಾಕು. ಮೂರು ವೈನರಿ ಸುತ್ತಿದವರಿಗೆ ಮೂರನೆಯದರ ನೆನಪು ಉಳಿಯುವುದಿಲ್ಲ.

ಊಟದ ಮೇಜಿನಲ್ಲಿ

ಹೋಟೆಲಿನ ಊಟದಲ್ಲಿ ಇಟಾಲಿಯನ್ ತಿನಿಸುಗಳು ಹೆಚ್ಚಿರುತ್ತವೆ. ಅವುಗಳ ಜತೆಗೆ ಸ್ಥಳೀಯ ಅಡುಗೆಯನ್ನೂ ಕೇಳಿ ಪಡೆಯಿರಿ. ಖಾರದ ಊಟಕ್ಕೆ ಒಗರು ಹೆಚ್ಚಿರುವ ಕೆಂಪು ವೈನ್ ಸೇರಿಸಿದರೆ ಬಾಯಿಯ ಉರಿ ಇನ್ನಷ್ಟು ಏರುತ್ತದೆ. ತುಸು ಸಿಹಿ ಉಳಿಸಿದ, ತಣ್ಣನೆಯ ಶೆನಿನ್ ಬ್ಲಾಂಕ್ ಆ ಉರಿಯನ್ನು ತಣಿಸುತ್ತದೆ. ನಾಸಿಕ್‌ನ ಹೆಸರುವಾಸಿ ಮಿಸಳ್‌ಪಾವನ್ನು ಮಾತ್ರ ಬೆಳಿಗ್ಗೆ, ಮಜ್ಜಿಗೆಯ ಜತೆ ತಿನ್ನಿ. ಕಾಳುಮೆಣಸು ಹಾಕಿ ಹುರಿದ ಮಾಂಸಕ್ಕೆ ಶಿರಾಜ್ ಒಪ್ಪುತ್ತದೆ. ಸಸ್ಯಾಹಾರಿಗಳಿಗೆ ಅದರ ಜತೆ ಎಣ್ಣೆಗಾಯಿ ಬದನೆಯಂಥ ಗಟ್ಟಿ ಪಲ್ಯ ಚೆನ್ನಾಗಿ ಹೊಂದುತ್ತದೆ. ಬಿಳಿ ವೈನನ್ನು 8ರಿಂದ 10 ಡಿಗ್ರಿಗೆ, ಕೆಂಪನ್ನು 16ರಿಂದ 18ಕ್ಕೆ ಕೇಳಿ. ಹೊರಗೆ ಇಟ್ಟು ಬೆಚ್ಚಗಾದ ಕೆಂಪು ವೈನ್ ತಂದರೆ ಸಂಕೋಚಪಡದೆ ಹದಿನೈದು ನಿಮಿಷ ಮಂಜುಗಡ್ಡೆಯ ಬಕೆಟ್ಟಿನಲ್ಲಿ ಇಡಿಸಿ. ಪ್ರತಿ ಲೋಟಕ್ಕೆ ಒಂದು ಲೋಟ ನೀರು ಕುಡಿಯುವ ಅಭ್ಯಾಸವಿದ್ದರೆ ಮರುದಿನ ಬೆಳಿಗ್ಗೆ ತಲೆ ಹಗುರವಾಗಿರುತ್ತದೆ.

ತೋಟದಾಚೆ ಒಂದೇ ಒಂದು ಜಾಗ

ಎರಡನೆಯ ದಿನದ ಮಧ್ಯಾಹ್ನಕ್ಕೋ ಮೂರನೆಯ ದಿನದ ಬೆಳಿಗ್ಗೆಗೋ ಒಂದು ಜಾಗವನ್ನು ಮಾತ್ರ ಆರಿಸಿ. ಗೋದಾವರಿ ಹುಟ್ಟುವ ಬ್ರಹ್ಮಗಿರಿಯ ಬುಡದ ತ್ರ್ಯಂಬಕೇಶ್ವರ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ, ಹನ್ನೆರಡು ಜ್ಯೋತಿರ್ಲಿಂಗಗಳಲ್ಲೊಂದು. ದೇವಸ್ಥಾನಕ್ಕೆ ಹೋಗುವ ಬೆಳಿಗ್ಗೆಯ ಹಿಂದಿನ ರಾತ್ರಿ ವೈನ್ ಬೇಡವೆನ್ನಿಸುವವರು ಅದಕ್ಕೆ ತಕ್ಕಂತೆ ಕ್ರಮ ಬದಲಿಸಿಕೊಳ್ಳಲಿ. ಆ ದಾರಿಯಲ್ಲಿರುವ ಅಂಜನೇರಿ ಬೆಟ್ಟವನ್ನು ಅಲ್ಲಿನವರು ಹನುಮಂತನ ಜನ್ಮಸ್ಥಳವೆನ್ನುತ್ತಾರೆ; ಆನೆಗೊಂದಿಯ ಅಂಜನಾದ್ರಿ ಹತ್ತಿದ ನಮಗೆ ಅದನ್ನು ಕೇಳುವಾಗ ಮನಸ್ಸಿನಲ್ಲಿ ಏನೇನೋ ಹಾದುಹೋಗುತ್ತದೆ.

ನನ್ನ ಆಯ್ಕೆ ಪಾಂಡವಲೇಣಿ. ತ್ರಿರಶ್ಮಿ ಬೆಟ್ಟದ ನೆತ್ತಿಗಿಂತ ಕೆಳಗೆ ಸಾಲಾಗಿ ಕೊರೆದ 24 ಬೌದ್ಧ ಗುಹೆಗಳಿವು. ಮೂರನೆಯ ಗುಹೆಯಲ್ಲಿ ಶಾತವಾಹನ ರಾಜ ಗೌತಮೀಪುತ್ರ ಶಾತಕರ್ಣಿಯ ಶಾಸನವೊಂದಿದೆ, ಅವನು ಆ ಆಜ್ಞೆಯನ್ನು ಹೊರಡಿಸಿದ್ದು ವೈಜಯಂತಿಯ ಸೇನೆಯ ವಿಜಯಶಿಬಿರದಿಂದ ಎಂದು ಅದರಲ್ಲಿ ಬರೆದಿದೆ. ಆ ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ವರದೆಯ ದಂಡೆಯ ಊರಿನ ಹೆಸರು ಗೋದಾವರಿಯ ಸೀಮೆಯ ಬಂಡೆಯಲ್ಲಿ ಹತ್ತೊಂಬತ್ತು ಶತಮಾನ ಉಳಿದಿರುವುದನ್ನು ಇಬ್ಬರೂ ಪಕ್ಕಪಕ್ಕ ನಿಂತು ನೋಡಿದ ಆ ಗಳಿಗೆಯನ್ನು ನಾನು ಯಾವ ಸೂರ್ಯಾಸ್ತಕ್ಕೂ ಕೊಡಲಾರೆ. ಮೆಟ್ಟಿಲುಗಳಿವೆ, ಬಿಸಿಲೇರುವ ಮೊದಲು ಹತ್ತಿ.

ಮರಳುವಾಗ

ಸೀರೆಯ ಮೇಲೆ ಮನಸ್ಸಿದ್ದರೆ ಪೈಠಣಿ ನೇಯುವ ಯೇವಲಾ ಮನಮಾಡದ ಸಮೀಪವೇ ಇದೆ, ರೈಲು ಹಿಡಿಯುವ ದಿನ ಅತ್ತ ಹೋಗಿ ಬರಬಹುದು. ವೈನ್ ಕೊಳ್ಳುವುದಾದರೆ ತೋಟದ ಅಂಗಡಿಯ ಬಿಲ್ಲನ್ನು ಜೋಪಾನವಾಗಿಟ್ಟುಕೊಳ್ಳಿ. ಒಂದು ರಾಜ್ಯದ ಮದ್ಯವನ್ನು ಇನ್ನೊಂದಕ್ಕೆ ಒಯ್ಯುವಾಗ ಅಬಕಾರಿ ನಿಯಮಗಳು ಅನ್ವಯಿಸುವುದರಿಂದ ಹೊರಡುವ ಮೊದಲೇ ನಮ್ಮ ರಾಜ್ಯದ ಮಿತಿಯನ್ನು ಇಲಾಖೆಯಿಂದ ತಿಳಿದುಕೊಂಡಿರಬೇಕು. ರೈಲಿನಲ್ಲಿ ಬರುವವರು ಬಾಟಲಿಯ ಗೊಡವೆಗೇ ಹೋಗದಿರುವುದು ಲೇಸು. ವಿಮಾನದಲ್ಲಾದರೆ ಕೈಚೀಲದಲ್ಲಿ ಬಿಡುವುದಿಲ್ಲ, ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕು. ಕಾರಿನಲ್ಲಿ ತರುವಾಗ ಡಿಕ್ಕಿಯಲ್ಲಿ ಬಿಸಿಲಿಗೆ ಬೇಯಲು ಬಿಡಬೇಡಿ, ಬಿಸಿ ತಾಗಿದ ವೈನ್ ಕೆಡುತ್ತದೆ.

ನಾವು ತಂದದ್ದು ಒಂದೇ ಬಾಟಲಿ, ಶಿರಾಜ್. ಮನೆಯಲ್ಲಿ ಅತ್ಯಂತ ತಂಪಾದ ಜಾಗ ದೇವರ ಕೋಣೆಯ ಪಕ್ಕದ ಉಗ್ರಾಣ. ಬಿರಡೆ ಒಣಗದಂತೆ ಬಾಟಲಿಯನ್ನು ಅಲ್ಲಿ ಅಡ್ಡ ಮಲಗಿಸಿ, ಗೋಣಿತಾಟು ಹೊದಿಸಿ ಇಟ್ಟಿದ್ದೇವೆ. ತಿರುಗಿಸುವ ಮುಚ್ಚಳವಿರುವ ಬಾಟಲಿಯಾದರೆ ನೇರ ನಿಲ್ಲಿಸಿದರೂ ತೊಂದರೆಯಿಲ್ಲ, ಬಿಳಿ ವೈನಾದರೆ ಹೆಚ್ಚು ಕಾಲ ಇಡದೆ ಒಂದೆರಡು ವರ್ಷದೊಳಗೆ ತೆರೆಯಬೇಕು. ನಮ್ಮ ಬಾಟಲಿಯ ಕೊರಳಿಗೆ ಹೆಂಡತಿ ಒಂದು ಚೀಟಿ ಕಟ್ಟಿ ಮುಂದಿನ ಫೆಬ್ರುವರಿಯ ತಾರೀಖು ಬರೆದಿದ್ದಾಳೆ.